ಫೈಬರ್ ದೋಣಿಯೊಳಗೆ ಗುಟ್ಟಾಗಿ ಕೊಳೆತ ಹಲಗೆಯವರಿಗೆ

ನಮ್ಮ ದೋಣಿಯ ಹಿಂಬದಿಯಲ್ಲಿ, ಫೈಬರಿನ ಎರಡು ಪದರುಗಳ ನಡುವೆ, ಬಿಸಿಲು ಕಾಣದೆ ಗಾಳಿ ಸೋಕದೆ ಬಹುಕಾಲ ವಾಸವಾಗಿದ್ದು, ಸದ್ಯ ಸಿಮೆಂಟ್ ಚೀಲವೊಂದರಲ್ಲಿ ಪುಡಿಪುಡಿಯಾಗಿ ವಿಶ್ರಮಿಸುತ್ತಿರುವ ಹಲಗೆಯವರ ಸನ್ನಿಧಾನಕ್ಕೆ, ಸೂಪಾ ಹಿನ್ನೀರಿನಲ್ಲಿ ದೋಣಿ ನಡೆಸಿ ಹೊಟ್ಟೆ ಹೊರೆಯುವ ನಾಗಲಿಂಗಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿಲ್ಲವೆಂಬುದು ನನಗೆ ಗೊತ್ತಿರುವುದರಿಂದ ಕುಶಲ ಕೇಳುವ ಶಾಸ್ತ್ರವನ್ನು ಬಿಟ್ಟಿದ್ದೇನೆ. ಇದನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ದಂಡೆಯ ಮೇಲೆ ನಿಂತು ನಾನು ತಮ್ಮನ್ನು ಬೈದ ಬೈಗುಳಗಳು ಜೋಯಿಡಾದ ತನಕ ಮುಟ್ಟಿವೆ, ಬೈದ ಕಾರಣ ಮಾತ್ರ ಯಾರಿಗೂ ಮುಟ್ಟಿಲ್ಲ.

ಹಳಿಯಾಳ ದಾಟಿದರೆ ಮರ ಬಿಟ್ಟು ಮತ್ತೊಂದು ಮಾತಿಲ್ಲದ ಈ ಸೀಮೆಯಲ್ಲಿ, ಮರದ ಉಸಾಬರಿಯೇ ಬೇಡ, ಗೆದ್ದಲಿನ ಕಾಟವೇ ಬೇಡ ಎಂದು ಹುಡುಕಿ ಹುಡುಕಿ ಹಳೆಯ ಫೈಬರ್ ದೋಣಿಯೊಂದನ್ನು ಕಾರವಾರದ ಕಡೆಯಿಂದ ಲಾರಿಯ ಮೇಲೆ ಹೇರಿಕೊಂಡು ಬಂದವ ನಾನು. ಅದರ ಬೆನ್ನೊಳಗೆ ತಾವು ಕೂತಿದ್ದೀರೆಂದು, ಮೋಟರಿನ ಭಾರವನ್ನೆಲ್ಲ ಹೊತ್ತವರು ತಾವೇ ಎಂದು ಮಾರಿದವನೂ ಹೇಳಲಿಲ್ಲ, ತಾವೂ ಹೇಳಲಿಲ್ಲ. ದೊಡ್ಡವರು ತಮ್ಮ ದೊಡ್ಡಸ್ತಿಕೆಯನ್ನು ತಾವೇ ಹೇಳಿಕೊಳ್ಳುವುದಿಲ್ಲವಷ್ಟೆ.

ಈಗ ನನ್ನ ಸಂಕಟ ಕೇಳಬೇಕು. ಮಗಳು ಗುರುಸಿದ್ದವ್ವನನ್ನು ನೀರಿನಾಚೆಯ ಊರಿನ ಶಾಲೆಯ ಮಾಸ್ತರ ಸೋಮಪ್ಪನಿಗೆ ಕೊಡುವ ಮಾತು ಬಂದಾಗ ನನ್ನ ಹೆಂಡತಿ ಮುದಕವ್ವ ಸುತರಾಂ ಒಪ್ಪಲಿಲ್ಲ. ಅವಳು ನವಲಗುಂದದ ಕಡೆಯವಳು. ನೀರೆಂದರೆ ಕೊಡದಲ್ಲಿ ಹಿಡಿಯುವಷ್ಟಿರಬೇಕು, ಅದಕ್ಕಿಂತ ಹೆಚ್ಚಿದ್ದರೆ ಅದು ನೀರಲ್ಲ, ಗಂಡಾಂತರ ಎಂದು ನಂಬಿದವಳು. ಗಂಡನದೇ ದೋಣಿಯಾದರೂ ಅದರೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಆಗ ನಾನು, ಬೀಗರನ್ನು ದೋಣಿಯಿಂದ ಇಳಿಸುತ್ತಲೇ, ಮೀಸೆಯ ಮೇಲೆ ಕೈಹಾಕಿ ಹೇಳಿಬಿಟ್ಟೆ: ಇದು ಫೈಬರಿನ ದೋಣಿ, ಕೊಳೆಯುವ ಜಾತಿಯದಲ್ಲ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ತಂದು ಮುಟ್ಟಿಸುವ ಹೊಣೆ ನನ್ನದು. ಆ ಒಂದು ಮಾತಿನ ಮೇಲೆ ಮದುವೆಯಾಯಿತು. ಬಸುರಿ ಮಗಳ ಸೀಮಂತಕ್ಕೂ, ನಮ್ಮ ಕಡೆಯ ಕುಬಸಕ್ಕೂ, ಮುದಕವ್ವ ಆಚೆ ದಂಡೆಗೆ ಹೋಗಲಿಲ್ಲ; ಸೀರೆ, ಬಳೆ, ಬುತ್ತಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಈಚೆ ದಂಡೆಯಲ್ಲೇ ನಿಂತಳು. ತಾವು ಆಗಲೂ ದೋಣಿಯ ಬೆನ್ನಲ್ಲಿದ್ದಿರಿ. ಆಗಲಾದರೂ ಒಂದು ಸುಳಿವು ಕೊಡಬಾರದಿತ್ತೇ?

ಮಗಳನ್ನು ಕರೆತರುವ ದಿನ ಹತ್ತಿರ ಬಂತು ಎನ್ನುವಾಗಲೇ ಮೋಟರು ಮುದುಕನ ಹಲ್ಲಿನಂತೆ ಅಲ್ಲಾಡತೊಡಗಿತು. ವಾಸ್ಕೋದಲ್ಲಿ ಒಮ್ಮೆ ಫೈಬರ್ ಕೆಲಸ ಕಣ್ಣಾರೆ ಕಂಡವನೆಂದು ಹೇಳಿಕೊಳ್ಳುವ ನಮ್ಮ ಮಾನ್ವೆಲ್ ಬಂದು ಸ್ಕ್ರೂಡ್ರೈವರ್ ಒತ್ತಿದರೆ, ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿದಂತೆ ಅದು ಹಿಡಿಕೆಯ ತನಕ ಒಳಗೆ ಹೋಯಿತು. ಒಳಗಿನ ಪದರು ಕೊಯ್ದು ತೆಗೆದೆವು. ತಮ್ಮನ್ನು ಹೊರತರಲು ಉಳಿ ಬೇಕಾಗಲಿಲ್ಲ, ಮುದಕವ್ವನ ಸಾರಿನ ಸೌಟು ಸಾಕಾಯಿತು.

ತಮ್ಮ ಸಂಯಮವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಚಕ್ಕಡಿಯ ಅಚ್ಚು ಸವೆದರೆ ಊರಿಗೆಲ್ಲ ಕೇಳುವಂತೆ ಒದರುತ್ತದೆ, ಬಾಗಿಲು ನೆಂದರೆ ಕಿರುಗುಟ್ಟುತ್ತದೆ, ನಮ್ಮ ಮನೆಯ ಮಂಚವಂತೂ ಏನೂ ಆಗದಿದ್ದರೂ ನರಳುತ್ತದೆ. ತಾವೋ, ಮೈಯೆಲ್ಲ ಕೊಳೆತರೂ ಚಕಾರ ಎತ್ತಲಿಲ್ಲ. ಈ ಗುಣ ಮನುಷ್ಯರಲ್ಲಿದ್ದಿದ್ದರೆ ಎಷ್ಟೋ ಸಂಸಾರಗಳು ಶಾಂತವಾಗಿರುತ್ತಿದ್ದವು, ಆಮೇಲೆ ಒಮ್ಮೆಲೇ ಮುಳುಗುತ್ತಿದ್ದವು. ಒಳಗೆ ನೀರು ಹೋದದ್ದಾದರೂ ಎಲ್ಲಿಂದ ಎಂದು ಹುಡುಕಿದರೆ, ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಮಾವಿನೆಲೆಯ ತೋರಣ ಕಟ್ಟಲೆಂದು ಹೊಡೆದ ಮೊಳೆಯ ತೂತುಗಳು ಸಾಲಾಗಿ ಸಿಕ್ಕವು. ದೋಣಿಗೆ ಕೇಡಾಗದಿರಲಿ ಎಂದು ಹೊಡೆದ ಮೊಳೆಗಳವು! ಪೂಜೆಯ ಫಲ ನೇರವಾಗಿ ತಮಗೇ ಮುಟ್ಟಿತು.

ಆದ್ದರಿಂದ ನನ್ನ ನಮ್ರ ಬಿನ್ನಹವೇನೆಂದರೆ, ಮುಂದಿನ ಜನ್ಮದಲ್ಲಿ ತಾವು ಯಾವ ದೋಣಿಯ ಒಳಗಿದ್ದರೂ, ಕೊಳೆಯಲು ಮನಸ್ಸಾದ ಕೂಡಲೇ, ಕನಿಷ್ಠ ಪಕ್ಷ ಮಳೆಗಾಲಕ್ಕೆ ಮೊದಲಾದರೂ ತಿಳಿಸತಕ್ಕದ್ದು. ಬಾಯಿಲ್ಲದಿದ್ದರೆ ಚಾಲಕನ ಕನಸಿನಲ್ಲಿ ಬರತಕ್ಕದ್ದು. ಅವನ ಮನೆಯಲ್ಲಿ ಬಸುರಿ ಮಗಳಿದ್ದರೆ ಕೊಳೆಯುವ ಕಾರ್ಯಕ್ರಮವನ್ನು ಬಾಣಂತನ ಮುಗಿಯುವ ತನಕ ಮುಂದೂಡತಕ್ಕದ್ದು.

ತಮ್ಮ ಜಾಗಕ್ಕೆ ಹೊಸಬರನ್ನು ಕೂಡಿಸುವ ಕಥೆಯನ್ನೂ ಕೇಳಿ. ನಮ್ಮ ಬಡಿಗೇರ ಮಹಾಂತಪ್ಪ, ಮಗಳ ಹೆರಿಗೆಯ ಮಾತು ಕೇಳಿದವನೇ, ತನ್ನ ಮನೆಯ ಬಾಗಿಲಿಗೆಂದು ಇಟ್ಟುಕೊಂಡಿದ್ದ ಸಾಗವಾನಿ ಹಲಗೆಯನ್ನೇ ತಂದ. ಅವನ ಕೈಯಿಂದ ಹೊಸ ಮರ ಬರಿಮೈಯಲ್ಲಿ ಹೊರಗೆ ಹೋದದ್ದಿಲ್ಲ. ಗಾಲಿಯಿರಲಿ, ತೊಟ್ಟಿಲಿರಲಿ, ಅರಿಷಿಣ ಕುಂಕುಮ ಹಚ್ಚಿ, ಹರಳೆಣ್ಣೆ ಕುಡಿಸಿಯೇ ಕೊಡುವುದು ಅವನ ಪದ್ಧತಿ. ಹಾಗೆ ಕೂಸಿಗೆ ಎರೆದಂತೆ ಎಣ್ಣೆ ಎರೆದು ಕೊಟ್ಟ. ಸಾಗವಾನಿಗೆ ಮೊದಲೇ ಮೈತುಂಬ ಎಣ್ಣೆ, ಮೇಲೆ ಮಹಾಂತಪ್ಪನ ಭಕ್ತಿ ಬೇರೆ. ಮಾನ್ವೆಲ್ ಫೈಬರಿನ ಅಂಟು ಕಲಸಿ, ಗಾಜಿನ ನಾರಿನ ಬಟ್ಟೆ ಹಾಸಿ, ಮೈಯೆಲ್ಲ ಕೆರೆದುಕೊಳ್ಳುತ್ತ ಕೆಲಸ ಮುಗಿಸಿದ. ಮರುದಿನ ಬೆರಳಿನಿಂದ ಎತ್ತಿದರೆ ಇಡೀ ಪದರು ಹಂಚಿನ ಮೇಲಿನ ದೋಸೆಯಂತೆ ಎದ್ದು ಬಂತು. ಮಹಾಂತಪ್ಪ ಅಂಟಿಗೆ ಬೈದ, ಮಾನ್ವೆಲ್ ಎಣ್ಣೆಗೆ ಬೈದ, ನಾನು ಇಬ್ಬರಿಗೂ ಬೈದೆ, ಮುದಕವ್ವ ಮೂವರಿಗೂ ಬೈದಳು.

ಎಣ್ಣೆ ಕಾಣದ ಒಣ ಮರ ಬೇಕು ಎಂದಾಗ ನನಗೆ ಹೊಳೆದದ್ದು ದಾಂಡೇಲಿಯಲ್ಲಿ ಗೆಳೆಯರು ಸಂಜೆ ಕೂಡಿ ಆಡುವ ಕೇರಂ ಬೋರ್ಡುಗಳು. ಒಳ್ಳೆಯ ಪ್ಲೈವುಡ್, ವರ್ಷಗಟ್ಟಲೆ ಪೌಡರ್ ತಿಂದು ಹಪ್ಪಳದಂತೆ ಒಣಗಿದವು. ಗೆಳೆಯರು ಕೊಡುತ್ತೇವೆಂದರು, ಆದರೆ ನಡೆಯುತ್ತಿದ್ದ ಆಟ ಮುಗಿಯಬೇಕೆಂದರು. ಆ ದಿನದಷ್ಟು ನಿಧಾನವಾದ ಕೇರಂ ಆಟವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಬಣ್ಣ ಉಜ್ಜಿ ತೆಗೆದು, ಮೂಲೆಯ ತೂತು ಕೊಯ್ದು, ಒಂದರ ಮೇಲೊಂದು ಅಂಟಿಸಿ ಕೂಡಿಸಿದೆವು. ಈ ಸಲ ಅಂಟು ಹಿಡಿಯಿತು. ಮೋಟರು ಕಟ್ಟಿದೆವು, ಅಲ್ಲಾಡಲಿಲ್ಲ. ಆದರೂ ಇನ್ನೆರಡು ದಿನ ನೀರಿಗಿಳಿಸಬೇಡಿ ಎಂದು ಮಾನ್ವೆಲ್ ಕಟ್ಟಪ್ಪಣೆ ಮಾಡಿದ.

ಅಷ್ಟರಲ್ಲೇ ಅಳಿಯ ಸೋಮಪ್ಪ ಕಾಡಿನ ಸುತ್ತುದಾರಿ ಹಿಡಿದು, ಉಂಬಳ ಕಚ್ಚಿದ ಕಾಲಿನಲ್ಲಿ ರಕ್ತ ಸುರಿಸುತ್ತ ನಡೆದು ಬಂದ. ಬಸುರಿ ಹೆಂಗಸು ಹತ್ತಿ ಇಳಿಯುವ ದಾರಿಯಲ್ಲ ಅದು. ಅವನೊಬ್ಬನೇ ಬಂದದ್ದನ್ನು ಕಂಡು ನಾನು ಎದುರಿಗೆ ಓಡಿದೆ. ಅವನು ನನ್ನನ್ನು ದಾಟಿ ಮುದಕವ್ವನ ಮುಂದೆ ನಿಂತು, "ಅತ್ತಿ, ಹೆಣ್ಣ ಕೂಸು. ಇಬ್ಬರೂ ಆರಾಮ ಅದಾರ" ಅಂದ. ದಿನ ತುಂಬುವ ಮೊದಲೇ ನೋವು ಬಂದು, ಮಾನ್ವೆಲನ ಅಕ್ಕ, ಆಚೆ ಊರಿನ ಸೂಲಗಿತ್ತಿ ರೋಜಿ, ಎಲ್ಲವನ್ನೂ ಸುಸೂತ್ರ ಮಾಡಿದ್ದಳಂತೆ. ನಾನು ಖುಷಿಯಿಂದ ಕೂಗಬೇಕೋ, ಮಾತು ತಪ್ಪಿದ್ದಕ್ಕೆ ತಲೆ ತಗ್ಗಿಸಬೇಕೋ ತಿಳಿಯದೆ ನಿಂತೆ.

ಮುದಕವ್ವ ಒಳಗೆ ಹೋದಳು. ಬಾಣಂತಿಗೆಂದು ಕಟ್ಟಿಟ್ಟ ಅಂಟಿನುಂಡಿಯ ಡಬ್ಬಿ, ಕೂಸಿನ ಕುಂಚಿಗೆ, ಹಳೆಯ ಮೆತ್ತನ್ನ ಸೀರೆಗಳ ಗಂಟು ಹಿಡಿದು ಹೊರಗೆ ಬಂದು, ಸೀದಾ ದಂಡೆಗಿಳಿದು, ದೋಣಿ ಹತ್ತಿ ಕೂತಳು. ಮಾನ್ವೆಲ್ ಬಾಯಿ ತೆರೆಯುವುದರೊಳಗೆ ಹೇಳಿದಳು: "ದೋಣಿ ಗಟ್ಟಿ ಐತೋ ಇಲ್ಲೋ ಕೇಳಾಕ ನನಗ ಈಗ ಪುರಸೊತ್ತಿಲ್ಲ. ಮಷೀನ್ ಚಾಲೂ ಮಾಡ್ರಿ."

ಮಾಡಿದೆ. ನಡುನೀರಿನಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು, ಕಣ್ಣು ಮುಚ್ಚಿತ್ತು, ಒಂದು ಕೈ ನನ್ನ ಅಂಗಿ ಹಿಡಿದಿತ್ತು. ಆಚೆ ದಂಡೆ ಇನ್ನೂ ಒಂದು ಮಾರು ದೂರವಿರುವಾಗಲೇ ಮೊಣಕಾಲು ನೀರಿಗೆ ಇಳಿದು, ಡಬ್ಬಿ ತಲೆಯ ಮೇಲಿಟ್ಟುಕೊಂಡು, ಹಿಂದಿರುಗಿ ನೋಡದೆ ನಡೆದಳು. ನಾನು ಕೊಟ್ಟ ಮಾತು ಉಳಿಯಲಿಲ್ಲ, ಮಾನ್ಯರೇ. ಮಗಳು ತವರಿಗೆ ಬರಲಿಲ್ಲ. ತವರೇ ನೀರು ದಾಟಿ ಮಗಳ ಹತ್ತಿರ ಹೋಯಿತು.

ಇಷ್ಟಾದರೂ ತಮ್ಮನ್ನು ಇನ್ನೆಂದೂ ನಂಬದ,
ತಮ್ಮ ವಿಶ್ವಾಸಿ,
ನಾಗಲಿಂಗಪ್ಪ, ದೋಣಿ ಚಾಲಕ

ತಾ.ಕ.: ಮುದಕವ್ವ ಬಾಣಂತನಕ್ಕೆಂದು ಆಚೆಯೇ ಉಳಿದಿದ್ದಾಳೆ, ಈಚೆ ನಾನೇ ರೊಟ್ಟಿ ಬಡಿದುಕೊಳ್ಳುತ್ತಿದ್ದೇನೆ. ನಿನ್ನೆ ತಮ್ಮಲ್ಲಿ ಒಂದು ಬೊಗಸೆ ಒಣಗಿಸಿ ಒಲೆಗೆ ಹಾಕಿದೆ. ತಾವು ಉರಿಯಲಿಲ್ಲ, ಹೊಗೆಯನ್ನಷ್ಟೇ ದಯಪಾಲಿಸಿದಿರಿ. ನನ್ನ ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ, ಮತ್ತೇನೂ ಕಾರಣವಿಲ್ಲ. ಯಾರಾದರೂ ಕೇಳಿದರೆ, ದಯವಿಟ್ಟು ಈ ಒಂದು ಸಲವಾದರೂ ಬಾಯಿಬಿಟ್ಟು ಹೇಳತಕ್ಕದ್ದು.