ಐವತ್ತೈದಕ್ಕೆ ಇನ್ನೆರಡು ವರ್ಷ

ನಿವೃತ್ತಿ ಹೇಳದೆ ಕೇಳದೆ ಬರುವ ನೆಂಟನಲ್ಲ. ಕೆಲಸಕ್ಕೆ ಸೇರಿದ ದಿನವೇ ಅದು ಬರುವ ತಾರೀಖು ಸರ್ವಿಸ್ ರಿಜಿಸ್ಟರಿನಲ್ಲಿ ಕೂತಿರುತ್ತದೆ. ಆದರೂ ಅದು ಬಾಗಿಲಿಗೆ ಬಂದಾಗ ಗಾಬರಿಯಾಗದವರನ್ನು ನಾನು ಕಂಡಿಲ್ಲ. ಐವತ್ತು, ಅರವತ್ತರ ದಶಕಗಳಲ್ಲಿ ನಮ್ಮ ಕಡೆಯ ತಾಲ್ಲೂಕು ಕಚೇರಿಗಳಲ್ಲಿ ಆ ರಿಜಿಸ್ಟರುಗಳನ್ನು ನೋಡಿಕೊಳ್ಳುವ ಗುಮಾಸ್ತನಾಗಿದ್ದೆ. ಆಗ ಐವತ್ತೈದು ತುಂಬಿದರೆ ಮನೆಗೆ. ಆ ವಯಸ್ಸು ಹತ್ತಿರವಾದವರನ್ನೆಲ್ಲ ಕೂರಿಸಿಕೊಂಡು, "ಮುಂದಕ್ಕೆ ಏನು ಮಾಡ್ಕೊಂಡಿದ್ದೀರಿ?" ಎಂದು ಕೊರೆಯುವುದು ನನ್ನ ಚಾಳಿ. ಕೊರೆಯುವ ಹಕ್ಕೂ ಇತ್ತು ಅನ್ನಿ. ಚಿಕ್ಕಬಳ್ಳಾಪುರದಲ್ಲಿ ಒಂದು ಸೈಟು ಕೊಂಡು, ವರ್ಷಕ್ಕಿಷ್ಟು ಗೋಡೆ ಎಂದು ಮನೆ ಎಬ್ಬಿಸುತ್ತಿದ್ದೆ. ಕೊನೆಯ ಎರಡು ವರ್ಷದ ಸಂಬಳದಲ್ಲಿ ಸೂರು ಹಾಕಿಸುವುದೆಂದು ಲೆಕ್ಕ.

ನಾಲ್ಕು ಮಕ್ಕಳ ಮೇಷ್ಟ್ರು

ಶಿಡ್ಲಘಟ್ಟದಲ್ಲಿ ಒಬ್ಬ ಹೆಡ್ಮಾಸ್ತರರು ಪಿಂಚಣಿ ಕಾಗದಕ್ಕೆ ಬಂದರು.

"ಅಂಚೆ ಕಚೇರೀಲಿ ಏನಾದ್ರೂ ಉಳಿಸಿದ್ದೀರಾ ಮೇಷ್ಟ್ರೇ?" ಎಂದೆ.

"ನಂಗ್ಯಾಕಪ್ಪ ಪಾಸ್‌ಬುಕ್ಕು? ನಾಲ್ಕು ಜನ ಗಂಡುಮಕ್ಕಳು, ನಾಲ್ಕು ಊರಲ್ಲಿದ್ದಾರೆ. ಒಬ್ಬೊಬ್ಬರ ಮನೇಲಿ ಮೂರು ಮೂರು ತಿಂಗಳು. ವರ್ಷ ಕಳೆದೇ ಹೋಗುತ್ತೆ" ಅಂದರು.

ಮಕ್ಕಳು ಚೆನ್ನಾಗಿಯೇ ನೋಡಿಕೊಂಡರು. ತೊಂದರೆಯಾಗಿದ್ದು ಪಿಂಚಣಿಯಿಂದ. ಇವರು ಚಿಂತಾಮಣಿಯ ಮಗನ ಮನೆಗೆ ಹೋದರೆ ಕಾಗದಪತ್ರವೂ ಚಿಂತಾಮಣಿಯ ಖಜಾನೆಗೆ ಹೋಗಬೇಕು. ಬಸ್ಸು ಬೆಳಗ್ಗೆ ಹೊರಟು ಮಧ್ಯಾಹ್ನದೊಳಗೆ ಮುಟ್ಟುವ ಊರಿಗೆ ಸರ್ಕಾರದ ಕಾಗದ ಮೂರು ತಿಂಗಳು ನಡೆಯುತ್ತಿತ್ತು. ಅದು ಅಲ್ಲಿಗೆ ತಲುಪುವಾಗ ಮೇಷ್ಟ್ರು ಗೌರಿಬಿದನೂರಿನಲ್ಲಿ. ಒಂದು ಸುತ್ತು ಮುಗಿಸಿ ಶಿಡ್ಲಘಟ್ಟಕ್ಕೆ ಬಂದವರು ನನ್ನ ಮೇಜಿನ ಮುಂದೆ ನಿಂತು ಕೇಳಿದರು:

"ಏನಪ್ಪಾ, ನನ್ನ ಪಿಂಚಣಿ ಈಗ ಯಾವ ಮಗನ ಮನೇಲಿದೆ?"

ದಫೇದಾರನ ಮಾವಿನ ಮರ

ಚಿಂತಾಮಣಿ ಕಚೇರಿಯಲ್ಲಿ ಜವಾನರಿಗೆಲ್ಲ ಹಿರಿಯನಾದ ದಫೇದಾರನನ್ನೂ ಇದೇ ಪ್ರಶ್ನೆ ಕೇಳಿದ್ದೆ. ಅವನು ಕಿಟಕಿಯಾಚೆ ಕೈ ತೋರಿಸಿ, "ನಂದು ಆಗ್ಲೇ ಬೆಳೀತಾ ಐತೆ ಸ್ವಾಮಿ" ಅಂದ. ನೋಡಿದರೆ ಕಚೇರಿಯ ಹಿತ್ತಲಲ್ಲಿ ಆರು ಮಾವಿನ ಸಸಿ. ರಿಟೈರ್ ಆದ ಮೇಲೆ ಹಣ್ಣು ಮಾರಿಕೊಂಡು ಬದುಕುವುದು ಅವನ ಯೋಜನೆ. ಜಾಗ ಸರ್ಕಾರದ್ದು ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಐದಾರು ವರ್ಷ ನೀರು ಹೊತ್ತ, ಮುಳ್ಳುಬೇಲಿ ಕಟ್ಟಿದ, ಮೇಕೆ ಓಡಿಸಿದ. ಅವನು ನಿವೃತ್ತನಾಗುವ ವರ್ಷವೇ ಮರ ತುಂಬ ಕಾಯಿ. ಆಗ ಕಾಯಿದೆ ನೆನಪಾಯಿತು. ಕಚೇರಿಯ ಆವರಣದ ಫಸಲನ್ನು ಹರಾಜು ಹಾಕಬೇಕು. ಹರಾಜು ಕೂಗುವುದು ದಫೇದಾರನ ಕೆಲಸ.

"ಒಂದನೇ ಸಾರಿ... ಎರಡನೇ ಸಾರಿ..." ಎಂದವನಿಗೆ ಮೂರನೆಯದು ಬಾಯಿಂದ ಹೊರಡಲೊಲ್ಲದು. ತಾಲ್ಲೂಕಿನ ಸಾಹೇಬರಾದ ಅಮಲ್ದಾರರು ಗದರಿದರು. ಅವನು ಕೈಮುಗಿದು ಹೇಳಿದ:

"ಕಾಯಿ ಸರ್ಕಾರದ್ದು, ಮರ ಸರ್ಕಾರದ್ದು, ಒಪ್ಕೊಂಡೆ ಸ್ವಾಮಿ. ಹೊಯ್ದಿದ್ದು ನಮ್ಮ ಮನೆ ಬಾವಿ ನೀರು. ಅದನ್ನಾದ್ರೂ ವಾಪಸ್ ಕೊಡಿಸಿ!"

ಕಿವಿ ಮುಟ್ಟಿದ ಇನ್ಸ್‌ಪೆಕ್ಟರು

ಗೌರಿಬಿದನೂರಿನಲ್ಲಿ ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರು ನಿವೃತ್ತಿಗೆ ತಿಂಗಳಿರುವಾಗ ಜಾತಕ ಹಿಡಿದು ಓಡಿ ಬಂದರು. "ಮೂರು ವರ್ಷ ಜಾಸ್ತಿ ಬರೆದುಬಿಟ್ಟಿದ್ದಾರೆ ರೀ. ಮಗಳ ಮದುವೆ ಬೇರೆ ಮುಂದಿದೆ" ಅಂದರು.

ಹಿಂದೆ ಹಳ್ಳಿಯ ಸ್ಕೂಲಿಗೆ ಸೇರುವಾಗ ಹುಟ್ಟಿದ ದಿನ ಯಾರಿಗೆ ಗೊತ್ತಿರುತ್ತಿತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷವಾಯಿತೆಂದು ಲೆಕ್ಕ. ಇವರ ತೋಳು ಉದ್ದ, ಮೂರು ವರ್ಷಕ್ಕೇ ಮುಟ್ಟಿಬಿಟ್ಟಿತ್ತಂತೆ.

ನಾನು ಗತ್ತಿನಿಂದ, "ಜಾತಕ ಇರೋದು ಮದುವೆಗೆ. ಸಂಬಳಕ್ಕೆ ರಿಜಿಸ್ಟರೇ ಗತಿ. ಮೊದಲೇ ನೋಡ್ಕೋಬೇಕಿತ್ತು" ಎಂದೆ.

ಅವರು ಬಿಡಲಿಲ್ಲ. "ಬೇಕಾದ್ರೆ ನೋಡಿ, ಈಗ್ಲೂ ಎಷ್ಟು ಸಲೀಸಾಗಿ ಮುಟ್ಟುತ್ತೆ!" ಎಂದು ಮುಟ್ಟಿ ತೋರಿಸಿದರು. ನೋಡೋಣವೆಂದು ಪಕ್ಕದ ಗುಮಾಸ್ತನೂ ಮುಟ್ಟಿದ, ಟೈಪಿಸ್ಟೂ ಮುಟ್ಟಿದ, ನಾನೂ ಮುಟ್ಟಿದೆ. ಅಷ್ಟರಲ್ಲಿ ಅಮಲ್ದಾರರು ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. "ಎಲ್ಲರೂ ಸ್ಕೂಲಿಗೆ ಸೇರ್ಕೊಂಡಿರಾ? ಇನ್ನು ಸ್ಲೇಟು ತರಿಸಲಾ?" ಎಂದು ಕೇಳಿ ಒಳಗೆ ಹೋದರು.

ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ಕೊನೆಗೆ ನನಗೆ ಚಿಕ್ಕಬಳ್ಳಾಪುರಕ್ಕೇ ವರ್ಗವಾಯಿತು. ಗೌರಿಬಿದನೂರಿನ ಅದೇ ಅಮಲ್ದಾರರೂ ಅಲ್ಲಿಗೆ ಬಂದರು. ಮನೆಯ ಗೋಡೆಗಳೆಲ್ಲ ಎದ್ದಿದ್ದವು. ನನ್ನ ಲೆಕ್ಕದಲ್ಲಿ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು, ಅಷ್ಟರಲ್ಲಿ ಸೂರು. ಆ ವರ್ಷ ನಿವೃತ್ತರಾಗುವವರ ಪಟ್ಟಿ ಬರೆದು ಸಾಹೇಬರ ಮುಂದಿಟ್ಟೆ.

"ಒಂದು ಹೆಸರು ಬಿಟ್ಟಿದ್ದೀರಲ್ರೀ."

"ಯಾರದು ಸಾರ್?"

"ನಿಮ್ಮದೇ."

ಊರಿನವರ ರಿಜಿಸ್ಟರನ್ನೆಲ್ಲ ತಿರುವಿ ಹಾಕಿದವನು ನನ್ನದನ್ನು ಕೆಲಸಕ್ಕೆ ಸೇರಿದಾಗ ಬಿಚ್ಚಿದ್ದು, ಆಮೇಲೆ ಮುಟ್ಟಿರಲಿಲ್ಲ. ಓಡಿಹೋಗಿ ತೆಗೆದೆ. ಸ್ಕೂಲಿನ ಸರ್ಟಿಫಿಕೇಟು ನೋಡಿ ನಾನೇ ಮುದ್ದಾದ ಅಕ್ಷರದಲ್ಲಿ ನಕಲು ಮಾಡಿದ ಹುಟ್ಟಿದ ತಾರೀಖು ನನ್ನ ಮುಖ ನೋಡುತ್ತಿತ್ತು. ಒಂದೇ ಸ್ಲೇಟು, ಒಂದೇ ಪುಸ್ತಕದಲ್ಲಿ ಇಬ್ಬರೂ ಓದಿಕೊಳ್ಳಲಿ ಎಂದು ನಮ್ಮಪ್ಪ ನನ್ನನ್ನು ಎರಡು ವರ್ಷ ದೊಡ್ಡವನಾದ ಅಣ್ಣನ ಜೊತೆಗೇ ಸೇರಿಸಿದ್ದರು. ಸ್ಕೂಲಿನ ದಾಖಲೆಯಲ್ಲಿ ನಾವಿಬ್ಬರೂ ಅವಳಿ ಮಕ್ಕಳು!

"ಸಾರ್, ನನ್ನ ಜಾತಕದಲ್ಲಿ..." ಎಂದೆ.

"ಜಾತಕ ಇರೋದು ಮದುವೆಗೆ ಅಂತ ನೀವೇ ಹೇಳಿದ್ರಲ್ರೀ" ಎಂದರು ಅಮಲ್ದಾರರು.

ನನ್ನ ನಿವೃತ್ತಿಯ ನೋಟೀಸನ್ನು ನಾನೇ ಬರೆದು, ನಾನೇ ಪಡೆದುಕೊಂಡು, ಮುಟ್ಟಿತೆಂದು ಸಹಿ ಹಾಕಿ ಫೈಲಿಗೆ ಸೇರಿಸಿದೆ. ಆ ಇನ್ಸ್‌ಪೆಕ್ಟರ ಮುಂದೆ ಗತ್ತು ತೋರಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಬೀಳ್ಕೊಡುಗೆಯ ದಿನ ಹಾರ ಹಾಕಿ, ಭಾಷಣ ಮಾಡಿ, ಉದ್ದನೆಯದೊಂದು ಪೊಟ್ಟಣ ಕೊಟ್ಟರು. ಹೆಂಡತಿಯನ್ನು ಕರೆದುಕೊಂಡು ಹೊಸ ಮನೆಗೇ ಹೋಗಿ, ನಾಲ್ಕು ಗೋಡೆಗಳ ನಡುವೆ ನಿಂತು ಬಿಚ್ಚಿದೆ. ಒಂದು ಕರಿ ಕೊಡೆ.

ಅವಳು ಅದನ್ನು ಬಿಡಿಸಿ ಹಿಡಿದಳು. ತಲೆಯೆತ್ತಿ ಆಕಾಶ ನೋಡಿದಳು, ನನ್ನನ್ನೂ ನೋಡಿದಳು.

"ಸದ್ಯ, ಅಡುಗೆಮನೆಗೆ ಸೂರಾಯ್ತು ರೀ. ನಡುಮನೆಗೊಂದು, ದೇವರಮನೆಗೊಂದು ಅಂತ ಇನ್ನೆರಡು ಸಲ ರಿಟೈರ್ ಆಗಿಬಿಡಿ."