ಬೋಣಿಗೆ ಮುಂಚಿನ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು, ಎರಡೂ ಆಗದಿದ್ದರೆ ಕಾರವಾರದ ಹಬ್ಬುವಾಡದಲ್ಲಿ ಬಾಡಿಗೆ ಖೋಲಿ ಹುಡುಕಿ ನೋಡು. ಗಾದೆಯ ಬಾಲ ನನ್ನದು. ಕತೆ ಮಾತ್ರ ಅಪ್ಪಟ ನಿಜ.

ಕಾರವಾರಕ್ಕೆ ನೌಕಾನೆಲೆ ಬಂದ ಹೊಸತು. ನೇವಿಯವರು ಬಂದಂತೆಲ್ಲ ಬಾಡಿಗೆ ಉಬ್ಬರದ ನೀರಿನ ಹಾಗೆ ಏರುತ್ತಿತ್ತು. ಇಳಿತ ಮಾತ್ರ ಇರಲಿಲ್ಲ. ಭಾವಿಕೇರಿಯಿಂದ ಬಂದ ಗುಮಾಸ್ತ ದೇವಾನಂದ, ಮೀನು ಮಾರುವ ಚಂಪಕ್ಕನ ಹಿತ್ತಿಲ ಖೋಲಿಯಲ್ಲಿ ಹಳೆಯ ಬಾಡಿಗೆಗೇ ಬದುಕಿದ್ದ. ಅವಳದೇ ಪಕ್ಕದ ಖೋಲಿಯಲ್ಲಿ ಕಿಶನ, ಯಾರ ದನಿಯನ್ನಾದರೂ ಗಿಣಿಯ ಹಾಗೆ ಅನುಕರಿಸುವ ಪುಂಡ.

ಒಂದು ಬೆಳಿಗ್ಗೆ ದೇವಾನಂದ ಮೈಗೆಲ್ಲ ಸಾಬೂನು ಹಚ್ಚಿಕೊಂಡಾಗ ಬಚ್ಚಲ ಬಾಗಿಲಾಚೆ ಚಂಪಕ್ಕನ ದನಿ: "ದೇವಾ, ನೇವಿಯವ್ರು ಬತ್ರು. ಸಂಜಿಗೆ ಖೋಲಿ ಖಾಲಿ ಮಾಡು, ಪುತಾ!"

ಅರ್ಧ ನೊರೆಯಲ್ಲೇ ಅಂಗಿ ತೊಟ್ಟು ಬೇರೆ ಖೋಲಿ ಹುಡುಕಲು ಓಡಿದ.

ಎದುರು ಮನೆಯ ವೈಜಯಂತಿಬಾಯಿ ಕೇಳಿದರು, "ಲಗ್ನ ಆಗ್ಯದ್ಯಾ?"

"ಇಲ್ಲ."

"ಹಂಗಾರೆ ಖೋಲಿನೂ ಇಲ್ಲ."

ಮೂಲೆಮನೆಯ ತುಳಸಿದಾಸಮಾಮ ಕನ್ನಡಕ ಏರಿಸಿದರು. "ಖೋಲಿ ಅದೆ ಮಾರಾಯಾ. ಆದ್ರೆ ನೀ ನೇವಿ ಅಲ್ವಲ್ಲಾ! ಈಜಾದ್ರೂ ಬರ್ತದ್ಯಾ?"

ಕಡೆಗೆ ಮೀನುಪೇಟೆಗೆ ಧಾವಿಸಿದ. ಚಂಪಕ್ಕ ಆಗಷ್ಟೇ ಬುಟ್ಟಿ ಇಳಿಸಿ ಬಾಂಗಡೆ ಹರಡುತ್ತಿದ್ದಳು; ದಿನದ ಮೊದಲ ವ್ಯಾಪಾರ, ಬೋಣಿ, ಇನ್ನೂ ಆಗಿರಲಿಲ್ಲ. ಬೋಣಿಗೆ ಮುಂಚೆ ಯಾರು ಏನು ಕೇಳಿದರೂ 'ಇಲ್ಲ' ಎನ್ನಬಾರದು, ಅಂದುಬಿಟ್ಟರೆ ಆ ದಿನ ಬುಟ್ಟಿ ಬರಿದಾಗುವುದಿಲ್ಲ ಎಂಬುದು ಅವಳ ತಾಯಿಯ ಕಾಲದ ನೇಮ.

"ಚಂಪಕ್ಕಾ, ನನ್ನ ಖೋಲಿ ಬಿಡಿಸ್ಬೇಡಾ!"

ಅವಳ ಬಾಯಿ ಬಾಂಗಡೆಯ ಬಾಯಿಯ ಹಾಗೆ ತೆರೆಯಿತು, ಬುಟ್ಟಿ ನೆನಪಾಗಿ 'ಇಲ್ಲ'ವನ್ನು ನುಂಗಿಕೊಂಡಳು. ಕೊನೆಗೆ "ಹ್ಞೂಂ, ಇರು" ಎಂದು ಹಣೆ ಚಚ್ಚಿಕೊಂಡಳು. "ನೇವಿಯವ್ನಿಗೆ ಮಾತು ಕೊಟ್ಟಿದ್ದೆ. ಇವತ್ತು ಸಂಜಿಗೆ ನಿಂಗೆ ಹೇಳ್ವಾ ಅಂತಿದ್ದೆ. ಮೊದ್ಲೇ ಹೇಳ್ದವ್ರು ಯಾರಾ?"

"ಬೆಳಿಗ್ಗೆ ನೀನೇ ಅಲ್ವಾ?"

"ನಾ ಐದಕ್ಕೇ ಬಂದರಿಗೆ ಹೋದವ್ಳು!"

ದೇವಾನಂದನಿಗೆ ಕಿಶನನ ಗಂಟಲು ನೆನಪಾಯಿತು. ಆ ಗಂಟಲು ಹಿಚುಕುವುದೋ, ಅದಕ್ಕೊಂದು ಹಾರ ಹಾಕುವುದೋ ತಿಳಿಯಲಿಲ್ಲ. ಅವನು ಆ ತಮಾಷೆ ಮಾಡದೇ ಇದ್ದಿದ್ದರೆ ಸಂಜೆಗೆ ತಾನು ಬೀದಿಯಲ್ಲಿ!

ಸಂಜೆ ನೇವಿಯವನ ಟ್ರಂಕು ಬಂತು, ಕಿಶನನ ಖೋಲಿಗೆ. ಕಿಶನ ಎಷ್ಟು ಬೇಡಿದರೂ ಚಂಪಕ್ಕ 'ಇಲ್ಲ' ಎಂದಳು; ಬೋಣಿ ಬೆಳಿಗ್ಗೆಯೇ ಆಗಿತ್ತು.

ಹಾಸಿಗೆ ಸುರುಳಿ ಹೊತ್ತು ಅವನು ದೇವಾನಂದನ ಬಾಗಿಲಲ್ಲಿ ನಿಂತ. "ನಾಲ್ಕು ದಿನ, ಮಾರಾಯಾ..."

"ಬಾರಾ. ನಿನ್ನಿಂದ್ಲೇ ಉಳ್ದ ಖೋಲಿ."

ಎರಡನೆಯ ಚಾಪೆ ಹಾಸಿದ್ದೇ ತಡ, ಬೆನ್ನ ಹಿಂದೆ ಚಂಪಕ್ಕನ ದನಿ: "ಇಬ್ರಿಗೆ ಬಾಡಿಗೆ ದುಪ್ಪಟ್ಟು! ಬೋಣಿಗೆ ಮುಂಚೆ ನೀ ಖೋಲಿ ಕೇಳ್ದೆ, ಹಳೇ ಬಾಡಿಗೆ ಕೇಳಿಲ್ಲ!"

"ಸಾಕಾ ನಿನ್ನ ಮಿಮಿಕ್ರಿ!" ಎಂದು ದೇವಾನಂದ ಕಿಶನನ ಕಡೆ ತಿರುಗಿದ.

ಕಿಶನನ ಬಾಯಿ ಈ ಸಲ ಮುಚ್ಚಿಯೇ ಇತ್ತು. ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತವಳು ಅಸಲಿ ಚಂಪಕ್ಕ.

ಮೂವರೂ ನಕ್ಕರು. ತಲೆಯ ಮೇಲೆ ಸೂರು ಉಳಿದ ಸಂತೋಷಕ್ಕೆ, ಹೆಂಚು ಹಾರುವ ಹಾಗೆ ನಕ್ಕವನು ಮಾತ್ರ ದೇವಾನಂದ.