ಮಾವ ಮೇಲೆ, ಸೊಸೆ ಕೆಳಗೆ

ಡಂಬಳದ ತಿರಕಪ್ಪನಿಗೆ ಎತ್ತರಕ್ಕೆ ಏರಿದರೆ ತಲೆ ತಿರುಗುತ್ತಿತ್ತು. ಅವನ ಸಂಸಾರ ಕೆಟ್ಟದ್ದು ಅಷ್ಟರಿಂದಲೇ.

ಆ ವರ್ಷ ಹೊಲದಲ್ಲಿ ಹೆಸರುಕಾಳು ಚೆನ್ನಾಗಿ ಬಂದಿತ್ತು. ಕಾಯಿ ತಂದು ಮನೆಯ ಮಣ್ಣಿನ ಮಾಳಿಗೆಯ ಮೇಲೆ ಒಣಹಾಕಬೇಕು. ತಿರಕಪ್ಪ ಏಣಿಯ ಎರಡು ಮೆಟ್ಟಿಲು ಏರಿದ, ಮೊದಲ ಸಲ ನೊಗ ಕಂಡ ಹೋರಿಯ ಹಾಗೆ ಕಣ್ಣು ಬಿಟ್ಟ, ಇಳಿದುಬಿಟ್ಟ. ಹೆಂಡತಿ ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹೊತ್ತು ತಾನೇ ಏರಿದಳು. ಅವಳು ಮೇಲೆ ಕಾಯಿ ಹರವುತ್ತಿದ್ದಾಗ ಕೆಳಗೆ ಪಡಸಾಲೆಯ ಕಟ್ಟೆಯ ಮೇಲೆ ಅವಳ ಮಾವ ಅಂದಾನಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದ. ಬೆಳಕಿಂಡಿಯಿಂದ ಒಂದು ಚಿಟಿಕೆ ಮಣ್ಣು ಅವನ ರುಮಾಲಿನ ಮೇಲೆ ಉದುರಿತು.

"ಯಾರದು ಮ್ಯಾಲ?"

"ನಿಮ್ಮ ಸೊಸಿ," ಎಂದಳು ಅವನ ಹೆಂಡತಿ ಗುರುಸಿದ್ದವ್ವ.

ಆ ಮನೆಯಲ್ಲಿ ಸೊಸೆಯಾದವಳು ಮಾವನ ಎದುರಿಗೆ ಕೂರುವಂತಿರಲಿಲ್ಲ. ಮಾವ ಸೊಸೆಯ ಸಂಗಡ ನೇರವಾಗಿ ಮಾತಾಡುವಂತಿರಲಿಲ್ಲ. ಏನಿದ್ದರೂ ಮಗನ ಮುಖಾಂತರ. ಇನ್ನು ತಲೆಯ ಮೇಲೆ ಅಡ್ಡಾಡುವ ಮಾತೆಲ್ಲಿ ಬಂತು? ಅಂದಾನಪ್ಪ ಅಡಕತ್ತರಿ ಕೆಳಗಿಟ್ಟ.

"ತಿರಕಾ, ನಿನ್ನ ಹೇಣ್ತಿಗೆ ಹೇಳು. ಹಿರೇರ ತಲೀ ಮ್ಯಾಲ ತಿರಗ್ಯಾಡೂದು ಅವರ ತವರಮನ್ಯಾಗ ಚಾಲ್ತಿ ಇರಬೇಕು. ನಮ್ಮಲ್ಲಿಲ್ಲ."

ತಿರಕಪ್ಪ ಹೇಳುವ ಮೊದಲೇ ಬೆಳಕಿಂಡಿಯಿಂದ ಉತ್ತರ ಬಂತು. "ಹಂಗಾರ ಮಾವಾರನ್ನ ಮಾಳಗೀ ಮ್ಯಾಲ ಕುಂಡ್ರಸ್ರಿ. ನಾ ಕೆಳಗ ಒಣಗಸ್ತೀನಿ."

ಇಳಿಯುವ ಮುಂದೆ, ಮಾವನ ಮೇಲೆ ಮತ್ತೆ ಮಣ್ಣು ಉದುರಬಾರದೆಂದು ಅವಳು ಪಡಸಾಲೆಯದೂ ಅಡುಗೆಮನೆಯದೂ ಬೆಳಕಿಂಡಿಗಳಿಗೆ ಚಪ್ಪಡಿ ಎಳೆದು ಮುಚ್ಚಿದಳು. ಮರುದಿನ ಗಂಟು ಕಟ್ಟಿಕೊಂಡು ಬೆಟಗೇರಿಯ ತವರಿಗೆ ಹೋದಳು.

ಹೆಸರು ಮಾಳಿಗೆಯ ಮೇಲೆ ಉಳಿಯಿತು. ಮಗನಿಗೆ ಏರಲು ಧೈರ್ಯವಿಲ್ಲ, ಗುರುಸಿದ್ದವ್ವ ಏರಿದರೆ ಗಂಡನ ತಲೆಯ ಮೇಲಾಗುತ್ತದೆ, ಅಂದಾನಪ್ಪ ಏರುವುದೆಂದರೆ ಅವನು ಸೋತಂತೆ. ಮಳೆ ಬಂತು, ಕಾಯೊಳಗಿನ ಕಾಳು ಮೊಳೆಯಿತು. ಓಣಿಯ ಮಂದಿ ತಲೆಯೆತ್ತಿ ನೋಡಿ, "ಅಂದಾನಪ್ಪ ಈ ವರ್ಷ ಆಕಾಶದಾಗ ಬಿತ್ತಿಗಿ ಮಾಡ್ಯಾನ" ಎಂದು ನಕ್ಕರು. ಒಳಗೆ ಗುರುಸಿದ್ದವ್ವ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣು ಕೆಂಪಾದದ್ದನ್ನು ಹೊರಗಿನ ಕಟ್ಟೆಯ ಮೇಲೆ ಕೂತು ಉಣ್ಣುವವರು ಗಮನಿಸಲಿಲ್ಲ.

ಹೀಗಿರುವಾಗ ಕನ್ನಡ ನಾಡು ಒಂದಾಗುವ ದಿನ ಬಂತು. ಗದಗಿನಲ್ಲಿ ಮೆರವಣಿಗೆಯಂತೆ, ಬಯಲಿನಲ್ಲಿ ಆಟಪಾಟವಂತೆ. ಹೊಲದಲ್ಲಿ ಶೇಂಗಾ ಕೀಳುವ ಹೊತ್ತು, ಮನೆಯಲ್ಲಿ ಕೈ ಸಾಲದು.

"ಮೆರವಣಿಗಿ ನೋಡಿದಂಗಾತು, ಆಕೀನ ಕರಕೊಂಡ ಬಂದಂಗಾತು," ಎಂದ ಅಂದಾನಪ್ಪ. ಕರೆಯಲಿಕ್ಕೆಂದೇ ಹೋಗುವುದು ಅವನ ಅಂತಸ್ತಿಗೆ ಆಗುತ್ತಿರಲಿಲ್ಲ.

ಅಪ್ಪ, ಅವ್ವ, ಮಗ ಮೂವರೂ ಮೋಟಾರು ಹತ್ತುವಷ್ಟರಲ್ಲಿ ಬಾಜೂಮನೆಯ ಪುಂಡಲೀಕಪ್ಪ ಒಗೆದ ಧೋತರ ಉಟ್ಟು ಓಡಿಬಂದ. ಊರಿನಲ್ಲಿ ಯಾರ ಮನೆ ಒಡೆದರೂ ಕೂಡಿಸಲು ಹೋಗುವವನು ಅವನು. ಅವನು ಹೋದ ಮೇಲೆ ಕೂಡಿದ ಮನೆ ಮಾತ್ರ ಒಂದೂ ಇರಲಿಲ್ಲ.

"ನಡುವ ಮಾತಾಡಾಕ ಒಬ್ಬಾವ ಬೇಕಲ್ರಿ," ಎಂದು ತಿರಕಪ್ಪನ ತೊಡೆಗೆ ತೊಡೆ ಒತ್ತಿ ಕೂತ.

ಬೆಟಗೇರಿಯಲ್ಲಿ ನೀಲಗಂಗವ್ವ ಸಿಗಲಿಲ್ಲ. ಅವಳ ತಾಯಿ ಅಮೃತವ್ವ ಬೀಗರಿಗೆ ಚಹಾ ಕೊಟ್ಟು, "ಗದಗಿನ ಬಯಲಾಗ ತೊಟ್ಟಿಲ ಬಂದೈತಿ, ನೋಡಾಕ ಹೋಗ್ಯಾಳ. ಅಲ್ಲೇ ಭೆಟ್ಟಿ ಆಗ್ರಿ" ಎಂದಳು.

ತೊಟ್ಟಿಲೆಂದರೆ ಬೆಳ್ಳಟ್ಟಿಯ ಗಾಳೆಪ್ಪ ಕಟ್ಟಿದ ತಿರುಗು ತೊಟ್ಟಿಲು. ಎರಡು ದಪ್ಪ ಕಂಬ, ನಡುವೆ ಅಚ್ಚು, ಅಚ್ಚಿಗೆ ಅಡ್ಡಡ್ಡ ತೊಲೆ, ತೊಲೆಯ ತುದಿಗೊಂದರಂತೆ ನಾಲ್ಕು ತೊಟ್ಟಿಲು. ಒಂದು ಮೇಲೆ ಹೋದರೆ ಎದುರಿನದು ಕೆಳಗೆ. ತಿರುಗಿಸುವುದು ಕೈಯಿಂದ. ಗಾಳೆಪ್ಪ ಬಣ್ಣದ ಪಟಕಾ ಸುತ್ತಿಕೊಂಡು ಕೂಗುತ್ತಿದ್ದ: "ಕೂಸಿಗೂ ನಡೀತೈತಿ, ಮುದುಕಗೂ ನಡೀತೈತಿ. ಮನೀಮಂದಿ ಎಲ್ಲಾ ಏರ್ರಿ."

ನೀಲಗಂಗವ್ವ ಆ ತೊಟ್ಟಿಲನ್ನು, ಬೇಸಾಯಕ್ಕೆ ಹೊಸ ಎತ್ತು ಕೊಳ್ಳಲು ಬಂದವಳಂತೆ, ಸುತ್ತು ಹಾಕಿ ನೋಡುತ್ತಿದ್ದಳು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ಮಾವನನ್ನು ಕಂಡು ಸೆರಗು ಹೊದ್ದಳು. ಆಮೇಲೆ ಗಂಡನಿಗೆ, ಮಾವನಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು:

"ಶಿರಹಟ್ಟಿ ಸಾಂಗ್ಲೀ ರಾಜರ ಕೈಯಾಗಿತ್ತು, ಲಕ್ಷ್ಮೇಶ್ವರ ಮಿರಜದ ರಾಜರ ಕೈಯಾಗಿತ್ತು, ನಾವು ಮುಂಬೈ ಕಡೆ ಇದ್ವಿ. ಎಲ್ಲಾ ಒಂದಾದುವಂತ. ನಮ್ಮ ಮನಿ ಒಂದ ಒಂದಾಗವಲ್ದು. ಎಲ್ಲಾರೂ ಕೂಡೇ ಈ ತೊಟ್ಟಿಲ ಏರೂಣು. ಏರಿದ್ರ ಇವತ್ತ ಬರ್ತೀನಿ. ಇಲ್ಲಾಂದ್ರ ನೀವು ಬಂದ ಮೋಟಾರ ಇನ್ನೂ ಅಲ್ಲೇ ನಿಂತೈತಿ."

"ತಿರಕಾ, ಹೇಳಾಕಿಗೆ. ಇದು ಹುಡುಗೂರ ಆಡೂ ಸಾಮಾನು. ಹಿರೇರು ಏರೂದಲ್ಲ, ಹೆಂಗಸರು ಏರೂದಂತೂ ಅಲ್ಲೇ ಅಲ್ಲ."

"ಹುಡುಗೂರಿಗೆ ಅಷ್ಟ ಅಂದ್ರ ಇಷ್ಟ ದಪ್ಪ ತೊಲಿ ಯಾಕ ಹಾಕ್ತಿದ್ನಿರಿ?" ಎಂದ ಗಾಳೆಪ್ಪ. "ಬರೇ ಹುಡುಗೂರು ಕುಂತ್ರ ಇದು ನೆಟ್ಟಗ ತಿರಗಂಗಿಲ್ಲ. ತೂಕದ ಮಂದಿನೂ ಬೇಕು."

"ನಾನೂ ಏರಬೇಕೇನವಾ?" ಎಂದಳು ಗುರುಸಿದ್ದವ್ವ. ಅವಳು ಕತ್ತು ಹಿಂದಕ್ಕೆ ಹಾಕಿ ಮೇಲಿನ ತೊಟ್ಟಿಲನ್ನು ನೋಡುತ್ತಿದ್ದಳು.

ತಿರಕಪ್ಪ ಮೇಲಿನ ತೊಟ್ಟಿಲನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಆದರೆ ಹೆಂಡತಿ ಇಲ್ಲದ ಮನೆ ನೆನಪಾಗಿ, "ಏರೂಣ್ರಿ ಅಪ್ಪಾ," ಎಂದ. ಹುಟ್ಟಿದಾಗಿನಿಂದ ಅವನು ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು.

"ಏರಿದ್ರ ಆಕಿ ನನ್ನ ತಲೀ ಮ್ಯಾಲ ಹೋಗ್ತಾಳಲೇ."

ಇಲ್ಲಿ ಪುಂಡಲೀಕಪ್ಪ ಮುಂದೆ ಬಂದ. ತೊಟ್ಟಿಲನ್ನು ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ನೋಡಿ ತೊಡೆ ತಟ್ಟಿಕೊಂಡ.

"ಅಂದಾನಪ್ಪಣ್ಣಾ, ನನ್ನ ಮಾತ ಕೇಳ್ರಿ. ನಿಮ್ಮನ್ನ ಕುಂಡ್ರಿಸಿ ತುದೀಗೆ ಒಯ್ಯೂಣು. ಆಮ್ಯಾಲ ಹೆಂಗಸರನ್ನ ಎಲ್ಲಾರಕಿಂತ ಕೆಳಗಿನ ತೊಟ್ಟಿಲದಾಗ ಕುಂಡ್ರಿಸೂಣು. ನಡುವ ಈ ಕಡೆ ತಿರಕಪ್ಪ, ತೂಕಕ್ಕ ಆ ಕಡೆ ನಾನು. ಅಲ್ಲಿಗೆ ನಿಂದರಿಸಿಬಿಡೂದು. ತಿರಗಸೂದ ಬ್ಯಾಡ. ಎಲ್ಲಾರೂ ಕೂಡೇ ಏರಿದಂಗೂ ಆತು, ಹಿರೇತನ ಉಳಿದಂಗೂ ಆತು."

ಅಂದಾನಪ್ಪ ಬಹಳ ಹೊತ್ತು ಯೋಚಿಸಿದ. ಮಾವ ಮೇಲೆ, ಮಗ ನಡುವೆ, ಸೊಸೆ ಕೆಳಗೆ. ಮನೆ ಇರಬೇಕಾದದ್ದೇ ಹಾಗೆ. ಅದನ್ನು ಕಟ್ಟಿಗೆಯಲ್ಲಿ ಕಟ್ಟಿ ನಿಲ್ಲಿಸಿದ ಹಾಗೆ ಕಂಡಿತು. "ಆತು," ಎಂದ.

ಗಾಳೆಪ್ಪ ಏನೋ ಹೇಳಲು ಬಾಯಿ ತೆರೆದ. ಪುಂಡಲೀಕಪ್ಪ, "ನೀ ಸುಮ್ನ ಹಿಡಕೋ" ಎಂದ. ಗಾಳೆಪ್ಪ ಸುಮ್ಮನೆ ಹಿಡಿದುಕೊಂಡ.

ಮೊದಲು ಪುಂಡಲೀಕಪ್ಪ ಕೂತ, ತೊಟ್ಟಿಲು ಕಾಲು ಸುತ್ತು ತಿರುಗಿತು. ಅಂದಾನಪ್ಪ ಕೂತ, ಮತ್ತೆ ಕಾಲು ಸುತ್ತು. ತಿರಕಪ್ಪ ಕಣ್ಣು ಮುಚ್ಚಿ ಕೂತ. ಇನ್ನೊಂದು ಕಾಲು ಸುತ್ತಿಗೆ ಅವನ ತೊಟ್ಟಿಲು ನೆಲ ಬಿಟ್ಟಿತು. ಅವನು ತೊಟ್ಟಿಲಿನ ಸರಳನ್ನು, ಮುಳುಗುವವನು ಎಮ್ಮೆಯ ಬಾಲ ಹಿಡಿದಂತೆ ಹಿಡಿದ. ಕಣ್ಣು ತೆರೆದಾಗ ತಲೆಯ ಮೇಲೆ ಅಪ್ಪನ ಪಾದಗಳಿದ್ದವು, ಕಾಲ ಕೆಳಗೆ ಹೆಂಡತಿಯೂ ತಾಯಿಯೂ ಹಾಯಾಗಿ ಕೂತಿದ್ದರು.

ಗಾಳಿ ಬೀಸಿತು. ಅಂದಾನಪ್ಪ ತುದಿಯಲ್ಲಿ ಕೂತು ಒಮ್ಮೆ ಗದಗು ನೋಡಿದ, ಒಮ್ಮೆ ಬೆಟಗೇರಿ ನೋಡಿದ, ಆಮೇಲೆ ಕೆಳಗೆ ನೋಡಿದ. ಕೆಳಗೆ ನೋಡಬಾರದಿತ್ತು. ತಿರಕಪ್ಪನ ರೋಗ ಎಲ್ಲಿಂದ ಬಂದಿತ್ತೆಂಬುದು ಆಗ ಗೊತ್ತಾಯಿತು.

"ಆತಾತು," ಎಂದ ಅವನು ಸಣ್ಣ ದನಿಯಲ್ಲಿ. "ಏರಿದ್ದು ಆತು. ಗಾಳೆಪ್ಪಾ, ಇಳಸು."

"ಇಳಸ್ತೀನ್ರಿ. ಆದ್ರ ನೀವು ಇಳೀಬೇಕಂದ್ರ ಕೆಳಗಿನವ್ರು ಮ್ಯಾಲ ಹೋಗಬೇಕಾಗ್ತೈತಿ."

"ಅವರನ್ನ ಮ್ಯಾಲ ಒಯ್ಯದಂಗ ನನ್ನ ಇಳಸಪಾ."

"ಅಂಥಾ ತೊಟ್ಟಿಲ ನನಗ ಕಟ್ಟಾಕ ಬರಂಗಿಲ್ರಿ. ಆವಾಗ ಅದನ್ನ ಹೇಳಾಕ ಬಂದಿದ್ದೆ."

ಎಲ್ಲರೂ ಪುಂಡಲೀಕಪ್ಪನತ್ತ ನೋಡಿದರು. ಪುಂಡಲೀಕಪ್ಪ ರೈಲು ಹಳಿಯ ಕಡೆ ನೋಡುತ್ತಿದ್ದ.

"ಹಂಗಾರ ಹೆಂಗಸರು ಇಳದುಬಿಡಲಿ," ಎಂದ ಅಂದಾನಪ್ಪ.

"ಇಳದ್ರ ನಿಮ್ಮ ತೊಟ್ಟಿಲಾ ಒಮ್ಮಿಗೇ ನೆಲಕ್ಕ ಬರ್ತೈತ್ರಿ. ಅವರ ತೂಕದ ಮ್ಯಾಲ ನೀವು ಮ್ಯಾಲಿರೂದು."

ಅಂದಾನಪ್ಪ ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ತಿರಕಾ, ನಿನ್ನ ಹೇಣ್ತಿಗೆ ಹೇಳು. ತುಸು ಮ್ಯಾಲ ಹೋಗಿ ಬರಬೇಕಂತ."

ತಿರಕಪ್ಪ ನಡುವೆ ತೂಗುತ್ತ, ಕಣ್ಣು ಮುಚ್ಚಿಕೊಂಡೇ ಕೆಳಗೆ ಹೇಳಿದ. "ಏ, ಅಪ್ಪಾರು ಮ್ಯಾಲ ಹೋಗು ಅಂತಾರ."

ನೀಲಗಂಗವ್ವ ಎರಡೂ ಕಾಲು ನೆಲಕ್ಕೆ ಊರಿ ಕೂತಳು. "ಹಿರೇರ ತಲೀ ಮ್ಯಾಲ ಹೋಗಬಾರದಂತ ಹೇಳಿದವ್ರು ಅವರ. ನಾ ಒಲ್ಲೆ."

"ಒಲ್ಲೆ ಅಂತಾಳ್ರಿ."

"ಕೇಳಿಸ್ತು. ಗಾಳೆಪ್ಪಾ, ನೀ ತಿರಗಸು."

"ಕುಂತವ್ರು ಒಲ್ಲೆ ಅಂದ್ರ ನಾ ತಿರಗಸಂಗಿಲ್ರಿ. ನಮ್ಮ ಧಂದೇದಾಗ ಅದು ಪದ್ಧತಿ," ಎಂದು ಗಾಳೆಪ್ಪ ಕಂಬಕ್ಕೆ ಒರಗಿ ತಂಬಾಕು ತಿಕ್ಕತೊಡಗಿದ.

"ಹಂಗಾರ ತಿರಕಾ, ನಿಮ್ಮವ್ವಗ ಹೇಳು. ಆಕಿ ಮಾತು ಕೇಳ್ತಾಳ ಇಕಿ."

ಕೆಳಗಿನಿಂದ ಗುರುಸಿದ್ದವ್ವನ ದನಿ ಬಂತು. "ನಾನೂ ಒಲ್ಲೆ. ಗಂಡನ ತಲೀ ಮ್ಯಾಲ ನಾ ಎಂದಾರ ಹೋಗೀನೇನು?"

ಇಷ್ಟರಲ್ಲಿ ಬಾಜಾಬಜಂತ್ರಿಯೊಡನೆ ಮೆರವಣಿಗೆ ಬಯಲಿಗೆ ಬಂತು. ತುದಿಯಲ್ಲಿ ರುಮಾಲು ಸುತ್ತಿ ಅಲುಗಾಡದೆ ಕೂತ ಹಿರಿಯರನ್ನು ಕಂಡು, ಅಷ್ಟು ಮೇಲೆ ಕೂತವರು ಯಾರೋ ದೊಡ್ಡವರೇ ಇರಬೇಕೆಂದು, ಮುಂದಿದ್ದವರು ಜೈಕಾರ ಹಾಕಿದರು. ಹಿಂದಿದ್ದವರೂ ಹಾಕಿದರು. ಕೈಮುಗಿಯಬೇಕೆಂದರೆ ಸರಳು ಬಿಡಬೇಕು. ಅಂದಾನಪ್ಪ ತಲೆಯಿಂದಲೇ ನಮಸ್ಕರಿಸಿದ.

"ಭಾಷಣ ಆಗಲಿ," ಎಂದ ಒಬ್ಬ. ಬಾಜಾ ನಿಂತಿತು. ಇಡೀ ಬಯಲು ಮೇಲಕ್ಕೆ ನೋಡಿತು.

ಗಾಳಿ ಮತ್ತೊಮ್ಮೆ ಬೀಸಿ ತೊಟ್ಟಿಲು ಕಿರ್ರೆಂದಿತು. ಅಂದಾನಪ್ಪನ ಬಾಯಿಂದ ಬಂದ ಭಾಷಣ ಇಷ್ಟೇ:

"ತಂಗೀ ನೀಲಗಂಗಾ, ಮ್ಯಾಲ ಬಾರವಾ."

ಮಾವ ಸೊಸೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ನೀಲಗಂಗವ್ವ ಕಾಲು ಮೇಲಕ್ಕೆತ್ತಿಕೊಂಡಳು. ಗಾಳೆಪ್ಪ ತಂಬಾಕು ಬಾಯಿಗೆ ಹಾಕಿಕೊಂಡು ತೊಲೆಗೆ ಕೈಕೊಟ್ಟ. ಮಾವ ಇಳಿದ, ಸೊಸೆ ಏರಿದಳು. ಮಂದಿ ಯಾಕೆಂದು ತಿಳಿಯದೆ ಮತ್ತೆ ಜೈ ಅಂದರು. ತಿರಕಪ್ಪ ಆ ಪಕ್ಕದಿಂದ ಈ ಪಕ್ಕಕ್ಕೆ ಬಂದ. ಇದ್ದದ್ದು ಮಾತ್ರ ನಡುವೆಯೇ.

ಹೆಂಗಸರ ತೊಟ್ಟಿಲು ತುದಿ ಮುಟ್ಟಿದಾಗ ಗುರುಸಿದ್ದವ್ವ, "ಗಾಳೆಪ್ಪಾ, ತುಸು ನಿಂದರಸಪಾ," ಎಂದಳು. ಅವಳು ಮೇಲಿಂದ ಗಂಡನನ್ನು ನೋಡಿದಳು. ರುಮಾಲಿನ ನಡುವೆ ಬೋಳು ನೆತ್ತಿ ಇಣುಕುತ್ತಿತ್ತು. ಸಂಸಾರ ಮಾಡಿ ಮೊಮ್ಮಕ್ಕಳ ಹಾದಿ ಕಾಯುವ ವಯಸ್ಸಾದರೂ ಅದನ್ನು ಅವಳು ಕಂಡಿರಲಿಲ್ಲ. ಎದೆತುಂಬ ಗಾಳಿ ಎಳೆದುಕೊಂಡಳು. ಹೊಗೆ ಇಲ್ಲದ ಗಾಳಿ.

ಎಲ್ಲರೂ ಇಳಿದ ಮೇಲೆ ಅಂದಾನಪ್ಪ ಧೋತರ ಝಾಡಿಸಿ, ಏನೂ ಆಗದವನಂತೆ, "ನಡೀರಿ, ಮೋಟಾರಿಗೆ ಹೊತ್ತಾತು," ಎಂದ.

ತಿರಕಪ್ಪನ ಮುಖ ಅರಳಿತ್ತು. ಹೆಂಡತಿಯ ಕಡೆ ತಿರುಗಿ, "ಎಲ್ಲಾರೂ ಏರಿದ್ವಿ. ಇನ್ನ ನಡಿ," ಎಂದ.

"ಹೂಂ, ಆಡಿದ ಮಾತು ಆಡಿದ್ದ. ಬರ್ತೀನಿ," ಎಂದಳು ನೀಲಗಂಗವ್ವ.

"ನಾ ಬರಂಗಿಲ್ಲ," ಎಂದಳು ಗುರುಸಿದ್ದವ್ವ.

ಅವಳು ಯಾರ ಮೇಲೂ ಸಿಟ್ಟಾದಂತೆ ಕಾಣಲಿಲ್ಲ. "ಬೀಗತಿ ಅಮೃತವ್ವ ನಾಕ ದಿವಸ ಇದ್ದ ಹೋಗ್ರಿ ಅಂದಾಳ. ನಾ ಇರ್ತೀನಿ. ಮಾಳಗೀ ಮ್ಯಾಲಿನ ಬೆಳಕಿಂಡಿ ತಗದ ದಿವಸ ಹೇಳಿಕಳಸ್ರಿ. ಯಾರ ತಗೀತೀರಿ, ಯಾರ ತಲೀ ಮ್ಯಾಲ ಆಗ್ತೈತಿ, ಅದನ್ನ ನೀವ ನೋಡಕೋರಿ."

ಅಂದಾನಪ್ಪನಿಗೆ ಬೆಳಕಿಂಡಿಯ ಮಾತು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. "ಇದ್ರ ಇರಲಿ," ಎಂದು ಮುಖ ತಿರುಗಿಸಿದ. "ತಿರಕಾ, ನಿನ್ನ ಹೇಣ್ತೀನ ಕರಕೊಂಡ ನಡಿ."

ನೀಲಗಂಗವ್ವ ಸೆರಗು ಸರಿಮಾಡಿಕೊಂಡು ಅತ್ತೆಯ ಹಿಂದೆ ಒಂದು ಹೆಜ್ಜೆ ಸರಿದು ನಿಂತಳು.

"ನಾ ತಯಾರ ಅದೀನ್ರಿ. ಆದ್ರ ಅತ್ತೀನ ಹಿಂದ ಬಿಟ್ಟು ಸೊಸಿ ಮುಂದ ಹೋದ್ರ ಹೆಂಗ? ಹಿರೇರು ಮುಂದ, ಸೊಸಿ ಹಿಂದ. ಮಾವಾರ ಹಾಕಿಕೊಟ್ಟ ಪದ್ಧತಿ ಅದು. ಅತ್ತಿ ಬಂದ ದಿವಸ ನಾ ಅವರ ಹಿಂದಿಂದ ಬರ್ತೀನಿ."

ಪುಂಡಲೀಕಪ್ಪ, "ನಾ ಒಂದು ಮಾತು ಹೇಳಲ್ರಿ?" ಎಂದ. ಅಪ್ಪ ಮಗ ಇಬ್ಬರೂ ಕೂಡಿ ಅವನತ್ತ ನೋಡಿದ ನೋಟಕ್ಕೆ, ಅವನು ತನಗೆ ಪೇಟೆಯಲ್ಲಿ ಕೆಲಸವಿದೆಯೆಂದು ಹೊರಟುಹೋದ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಗ ಡಂಬಳದ ಮನೆಯಲ್ಲಿ ಒಲೆಯ ಮುಂದೆ ಕೂತಿದ್ದರು. ತಿರಕಪ್ಪ ಊದಿದ, ಅಂದಾನಪ್ಪ ಊದಿದ. ಬೆಂಕಿ ಬರುವ ಮೊದಲು ಹೊಗೆ ಬಂತು. ಅಡುಗೆಮನೆ ತುಂಬಿ, ಪಡಸಾಲೆ ತುಂಬಿ, ಕಟ್ಟೆಗೂ ಬಂತು.

"ಇಷ್ಟ ಹೊಗಿ ಯಾಕಲೇ?" ಎಂದು ಅಂದಾನಪ್ಪ ಕಣ್ಣೊರೆಸಿಕೊಂಡ.

"ಬೆಳಕಿಂಡಿ ಮುಚ್ಚೇತ್ರಿ. ಹೆಸರ ಒಣಾಕಿದಾಗಿಂದ."

"ಹಂಗಾರ ನಿಮ್ಮವ್ವ ಇಷ್ಟ ದಿವಸಾನೂ..." ಉಳಿದ ಮಾತನ್ನು ಕೆಮ್ಮು ನುಂಗಿತು. ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಮಗನ ಕಡೆ ನೋಡದೆ, "ಏರು," ಎಂದ.

"ನಾನ್ರೀ?"

"ಮತ್ತ ನಾ ಏರ್ಲೇನು?"

ತಿರಕಪ್ಪ ಏಣಿ ಹತ್ತಿದ. ಮಾಳಿಗೆಯ ಮೇಲೆ ನಿಲ್ಲಲಾಗದೆ, ಮೊಳಕಾಲುದ್ದ ಬೆಳೆದ ಹೆಸರಿನೊಳಗೆ ಹೊಟ್ಟೆಯ ಮೇಲೆ ತೆವಳುತ್ತ ಹೋಗಿ ಚಪ್ಪಡಿ ದೂಡಿದ. ಹೊಗೆ ಅವನ ಮುಖಕ್ಕೆ ಬಡಿದು ಆಕಾಶಕ್ಕೆ ಹೋಯಿತು. ಒಂದು ಹಿಡಿ ಮಣ್ಣು ಕೆಳಗೆ ಬಿತ್ತು.

"ತಿರಕಾ, ಎಲ್ಲದೀಯೋ?"

"ಇಲ್ಲೇ ಅದೀನ್ರಿ ಅಪ್ಪಾ, ನಿಮ್ಮ ತಲೀ ಮ್ಯಾಲ."

ಅಂದಾನಪ್ಪ ರುಮಾಲಿನ ಮೇಲಿನ ಮಣ್ಣು ಝಾಡಿಸಿಕೊಳ್ಳಲಿಲ್ಲ.

"ಆತು. ಇಳದು ಬಾ."

ತಿರಕಪ್ಪ ಹೆಸರಿನ ಗಿಡಗಳನ್ನು ಎರಡೂ ಕೈಯಲ್ಲಿ ಹಿಡಿದು ಏಣಿಯ ಕಡೆ ನೋಡಿದ. ಏಣಿ ಎಲ್ಲಿಯೋ ಭಾವಿಯ ತಳದಲ್ಲಿದ್ದ ಹಾಗಿತ್ತು.

"ಇಳಿಯಾಕ ಆಗವಲ್ದ್ರೀ," ಎಂದ ಅವನು. "ಬೆಟಗೇರಿಗೆ ಹೇಳಿಕಳಸ್ರಿ."